ಎರಡು, ಆಮೇಲೆ ಒಂದು

ವರ್ಕ್‌ಶಾಪಿನ ಮೇಲಿನ ಮನೆ,
ಏಪ್ರಿಲ್ ೨, ಮಧ್ಯಾಹ್ನ

ಪ್ರೀತಿಯ ಮೀಟರಮ್ಮಾ,

ಹೇಗಿದ್ದೀಯ? ಹೋದ ಭಾನುವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ ಹಾಗಿತ್ತು. ಕೇಳಿದರೆ "ಏನಿಲ್ಲಮ್ಮಾ, ಧೂಳು" ಅಂದೆ. ಆಸ್ಪತ್ರೆಯ ದಾಖಲೆ ಕೋಣೆ ಅಂದಮೇಲೆ ಧೂಳು ಇರುತ್ತದೆ, ಒಪ್ಪಿದೆ. ಆದರೆ ಸುತ್ತ ಅಷ್ಟೊಂದು ಡಾಕ್ಟರುಗಳು ಓಡಾಡುತ್ತಿರುವಾಗ ಒಬ್ಬರಿಗೆ ಬಾಯಿ ತೆರೆದು ತೋರಿಸಲು ನಿನಗೇನು ಕಷ್ಟ? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ನೀನು ಮಾಡುವುದಿಲ್ಲ ಎಂದು ಗೊತ್ತು, ಆದರೂ ಬರೆಯುವುದು ನನ್ನ ಕೆಲಸ. ನಾನು ಚೆನ್ನಾಗಿದ್ದೇನೆ. ಎಡ ಮಂಡಿ ಮೆಟ್ಟಿಲು ಹತ್ತುವಾಗ ಗೊಣಗುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಹೊಸ ಕನ್ನಡಕ ಬಂದಿದೆ. ಅದನ್ನು ಹಾಕಿಕೊಂಡು ಕನ್ನಡಿ ನೋಡಿದರೆ ನಿನ್ನ ಅಜ್ಜಿ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಾರೆ, ಅದೊಂದು ತೊಂದರೆ ಬಿಟ್ಟರೆ ಎಲ್ಲ ಸರಿ.

ವಾರ ವಾರ ಫೋನಿನಲ್ಲಿ ಮಾತಾಡುವಾಗ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಹಿಡಿಯಿತು ಎಂದು ನೀನು ಹುಬ್ಬೇರಿಸುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೆ. ನಾನು "ಅವತ್ತು" ಎನ್ನುವಷ್ಟರಲ್ಲಿ "ಅದೆಲ್ಲ ಬಿಡಮ್ಮಾ, ಊಟ ಆಯ್ತಾ?" ಎನ್ನುತ್ತೀಯ. ನಿನ್ನ ಅಪ್ಪ ಹೋಗಿ ಎಂಟು ವರ್ಷ. ಈ ಎಂಟು ವರ್ಷವನ್ನೂ ನಾವಿಬ್ಬರು ಊಟ ಆಯ್ತಾ ಎಂದು ಕೇಳಿಕೊಂಡೇ ತಳ್ಳಿದ್ದೇವೆ. ನಿನಗೆ ಹೇಳಬೇಕಾದ ಮಾತೊಂದಿದೆ. ಅದನ್ನು ಓದಿದ ಮೇಲೆ ನೀನು ಭಾನುವಾರದ ಫೋನನ್ನೇ ನಿಲ್ಲಿಸಬಹುದು, ಆ ಭಯಕ್ಕೇ ಇಷ್ಟು ದಿನ ನುಂಗಿಕೊಂಡಿದ್ದೆ. ಈಗ ಹೇಳದೆ ವಿಧಿಯಿಲ್ಲ. ಅರ್ಧಕ್ಕೆ ಮಡಿಚಿ ಇಡಬೇಡ, ಕೊನೆಯ ತನಕ ಓದು.

ಮೊದಲು ಮನೆಯ ಸುದ್ದಿ. ನೀನು ಹೋದ ವರ್ಷ ಬಂದಾಗ ಅಂಗೈಯಷ್ಟಿದ್ದ ಬೆಕ್ಕು ಈಗ ನನ್ನ ಹೊಲಿಗೆ ಯಂತ್ರದ ಮೇಲೆ ಹಿಡಿಸುವುದಿಲ್ಲ. ಪಕ್ಕದ ಬೀಗ ರಿಪೇರಿಯ ತಾತನಿಗೆ ಕಿವಿ ಪೂರ್ತಿ ಮಂದವಾಗಿದೆ, ಆದರೆ ಯಾರ ಮನೆಯಲ್ಲಿ ಏನು ನಡೆಯಿತು ಎನ್ನುವುದು ಮಾತ್ರ ಅದು ಹೇಗೋ ಸ್ಪಷ್ಟವಾಗಿ ಕೇಳಿಸುತ್ತದೆ. ದೊಡ್ಡ ಸುದ್ದಿಯೆಂದರೆ ಕೆಳಗಿನ ವರ್ಕ್‌ಶಾಪನ್ನು ಬಾಡಿಗೆಗೆ ಕೊಡುವುದೆಂದು ಒಪ್ಪಿಕೊಂಡೆ. ನನ್ನ ಸೀಟ್ ಕವರ್ ಹೊಲಿಗೆಗೆ ಮುಂದಿನ ಮೂಲೆ ಸಾಕು, ಉಳಿದಷ್ಟು ಜಾಗ ಸುಮ್ಮನೆ ಬಿದ್ದಿದೆ. ಬರುವವರು ಗಂಡ ಹೆಂಡತಿ. ಗಂಡ ಗೇಟು, ಕಿಟಕಿಯ ಸರಳು ವೆಲ್ಡಿಂಗ್ ಮಾಡುತ್ತಾನೆ, ಹೆಂಡತಿ ಬಣ್ಣ ಬಳಿಯುತ್ತಾಳೆ, ಮಾತು ಪೂರ್ತಿ ಅವಳ ಪಾಲಿನದು. ಜಾಗ ನೋಡಲು ಬಂದ ದಿನ ಅವಳು ನಲ್ಲಿ ಎಲ್ಲಿ, ಸ್ವಿಚ್ಚು ಎಲ್ಲಿ ಎಂದು ನನ್ನ ತಲೆ ತಿನ್ನುತ್ತಿದ್ದಳು. ಗಂಡ ಮಾತ್ರ ನೆಟ್ಟಗೆ, ಅಪ್ಪ ಕಾರಿನ ತಳದ ರಿಪೇರಿಗೆ ಇಳಿಯುತ್ತಿದ್ದ ನಡುವಿನ ಗುಂಡಿಯ ಹಲಗೆಗಳ ಮೇಲೆ ಹೋಗಿ ನಿಂತು, ಕಾಲಿನಿಂದ ಒತ್ತಿ ನೋಡಿ, "ಬೆಂಕಿ ಕೆಲಸ ಇಲ್ಲೇ ಇಟ್ಕೋತೀನಮ್ಮ, ಬೆಳಕು ಚೆನ್ನಾಗಿದೆ" ಅಂದ. ನನ್ನ ಕೈಯಲ್ಲಿದ್ದ ಬೀಗದ ಕೈಗೊಂಚಲು ಜಾರಿ ಬಿತ್ತು. ಅವನೇ ಎತ್ತಿಕೊಟ್ಟ.

ಆ ಗುಂಡಿಯ ಬಗ್ಗೆ ನಿನಗೆ ಒಂದು ವಿಷಯ ಹೇಳಿರಲಿಲ್ಲ. ಅಪ್ಪ ಅದರೊಳಗೆ ತೀರಿಕೊಂಡ ವಾರವೇ ಬಡಗಿಯನ್ನು ಕರೆಸಿ ಹಲಗೆ ಹೊಡೆಸಿದ್ದು ನಿನಗೆ ಗೊತ್ತು. ಎರಡು ವರ್ಷದ ಹಿಂದೆ ಮಾಡಿನ ತಗಡು ತೂತು ಬಿದ್ದು, ನಡುವಿನ ಎರಡು ತಗಡು ತೆಗೆಸಿ ಬೆಳಕು ಬರುವ ಪ್ಲಾಸ್ಟಿಕ್ ಶೀಟು ಹಾಕಿಸಿದೆ. ಅಂದಿನಿಂದ ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ನೇರ ಆ ಹಲಗೆಗಳ ಮೇಲೆ ಬೀಳುತ್ತದೆ. ಹನ್ನೆರಡೂವರೆ ದಾಟಿ, ಹಲಗೆ ಚೆನ್ನಾಗಿ ಕಾದ ಮೇಲೆ, ಕೆಳಗಿನಿಂದ ಬಡಿಯುವ ಸದ್ದು ಬರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಕಿದ ಸದ್ದು. ಟಕ್ ಟಕ್. ಸ್ವಲ್ಪ ಬಿಟ್ಟು, ಟಕ್.

ಮೊದಲ ದಿನ ನಾನು ನಂಬಲೇ ಇಲ್ಲ. ಹಾಡಹಗಲು, ಬೀದಿಯಲ್ಲಿ ಜನ, ಪಕ್ಕದಲ್ಲಿ ತಾತ ಬೀಗಕ್ಕೆ ಅರ ಹಾಕುತ್ತಿದ್ದಾರೆ, ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದೇನೆ. ಇಂಥ ಹೊತ್ತಿನಲ್ಲಿ ಯಾವ ದೆವ್ವ ಬರುತ್ತದೆ ಹೇಳು. ವಯಸ್ಸಾಯಿತು, ಕಿವಿ ಗುಂಯ್‌ಗುಡುತ್ತಿದೆ ಎಂದುಕೊಂಡೆ. ಆದರೆ ಬೆಕ್ಕಿಗೂ ಕೇಳಿಸುತ್ತದೆ. ಬಿಸಿಲು ಕಾಯಲು ಹಲಗೆಯ ಮೇಲೆ ಮಲಗಿರುತ್ತದಲ್ಲ, ಸದ್ದು ಬಂದಾಗ ಒಂದು ಕಣ್ಣು ತೆರೆದು ಹಲಗೆಯ ಸಂದಿಯನ್ನು ನೋಡುತ್ತದೆ, ಮತ್ತೆ ಮುಚ್ಚುತ್ತದೆ. ಗುರುತಿನವರು ಬಂದರೆ ಮಾತ್ರ ಅದು ಹಾಗೆ ಮಾಡುವುದು.

ಎರಡು, ಆಮೇಲೆ ಒಂದು. ಆ ಬಡಿತ ಏನು ಎಂದು ನಿನಗೆ ನಾನು ಹೇಳಬೇಕೇ? ನೀವಿಬ್ಬರೂ ಸೇರಿ ಮಾಡಿಕೊಂಡ ಕಟ್ಟಳೆ ಅದು. ಗುಂಡಿಗೆ ಇಳಿದವರು ಸ್ಪ್ಯಾನರ್‌ನಿಂದ ಮೆಟ್ಟಿಲ ಪಕ್ಕದ ಕಬ್ಬಿಣದ ಪಟ್ಟಿಗೆ ಎರಡು ಸಲ, ಆಮೇಲೆ ಒಂದು ಸಲ ಬಡಿಯಬೇಕು. ಅಂದರೆ ನಾನು ಚೆನ್ನಾಗಿದ್ದೇನೆ ಎಂದು. ಮೇಲೆ ನಿಂತವರು ಒಂದು ಸಲ ಕಾಲು ತಟ್ಟಬೇಕು. ಅಂದರೆ ನಾನು ಇಲ್ಲೇ ಇದ್ದೇನೆ ಎಂದು. ನೂರು ಎಣಿಸುವುದರೊಳಗೆ ಬಡಿತ ಬಾರದಿದ್ದರೆ ಮೇಲಿನವರು ಕೂಗಬೇಕು. ನೀನು ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. "ನನ್ನ ಮೀಟರಮ್ಮ ಮೇಲಿದ್ರೆ ನಾನು ಪಾತಾಳಕ್ಕಾದ್ರೂ ಇಳೀತೀನಿ" ಎನ್ನುತ್ತಿದ್ದರು ಅಪ್ಪ. ಗೇಜಿನ ಮುಳ್ಳು ಒಂದು ಕೂದಲೆಳೆ ಅಲ್ಲಾಡಿದರೂ ನಿನ್ನ ಕಣ್ಣಿಗೆ ಬೀಳುತ್ತಿತ್ತು ಎಂದೇ ನಿನಗೆ ಆ ಹೆಸರು ಇಟ್ಟದ್ದು. ನಾನು ಹೆಸರು ಇಡಿಸಿಕೊಳ್ಳುವಂಥದ್ದೇನೂ ಮಾಡಿರಲಿಲ್ಲ.

ಹುಚ್ಚು ಎನ್ನಬೇಡ. ಎರಡು ಬೇಸಿಗೆಯಿಂದ ಆ ಸದ್ದು ಬಂದಾಗಲೆಲ್ಲ ನಾನು ಯಂತ್ರ ನಿಲ್ಲಿಸಿ ಎದ್ದು ಹೋಗಿ, ಹಲಗೆಯ ಅಂಚಿನಲ್ಲಿ ನಿಂತು ಒಂದು ಸಲ ಕಾಲು ತಟ್ಟುತ್ತೇನೆ. ತಟ್ಟದೆ ಕೂತರೆ ಸಂಜೆಯ ತನಕ ಹೊಲಿಗೆ ನೆಟ್ಟಗೆ ಬರುವುದಿಲ್ಲ.

ಈ ವರ್ಷ ಜನವರಿಯಲ್ಲಿ ಇನ್ನೊಂದು ಕೆಲಸ ಮಾಡಿದೆ, ಅದನ್ನೂ ನಿನ್ನಿಂದ ಮುಚ್ಚಿಟ್ಟೆ. ಕಾರ್ ಎಸಿ ಗ್ಯಾಸಿನ ತರಬೇತಿಗೆ ಹೋದೆ. ಹನ್ನೆರಡು ದಿನದ ತರಗತಿ, ಇಪ್ಪತ್ತಮೂರು ಗಂಡಸರು, ನಾನೊಬ್ಬಳು ಹೆಂಗಸು. ಮೊದಲ ದಿನ ಬಾಗಿಲಲ್ಲೇ ಒಬ್ಬ ಮೀಸೆಯವನು "ಅಮ್ಮಾ, ಹೊಲಿಗೆ ಕ್ಲಾಸು ಮಹಡಿ ಮೇಲೆ" ಅಂದ. "ಹೊಲಿಗೆ ನಾನು ಬೇಕಾದ್ರೆ ನಿಮಗೆ ಕಲಿಸ್ತೀನಿ, ದಾರಿ ಬಿಡಿ" ಅಂದೆ. ಆಮೇಲೆ ಅವನೇ ನನಗೆ ದಿನಾ ಚಹಾ ತಂದುಕೊಡುತ್ತಿದ್ದ. ಏಕೆ ಹೋದೆ ಎಂದು ಮೇಷ್ಟ್ರು ಕೇಳಿದಾಗ ಅಂಗಡಿಗೆ ಅನುಕೂಲ ಎಂದೆ. ನಿಜ ಅದಲ್ಲ. ಮೂವತ್ತು ವರ್ಷ ನನ್ನ ಮನೆಯ ಕೆಳಗೇ ಇದ್ದು, ನನ್ನ ಗಂಡನನ್ನು ಕೊಂಡೊಯ್ದದ್ದು ಎಂಥದ್ದು ಎಂದು ಸರಿಯಾಗಿ ತಿಳಿಯಬೇಕಿತ್ತು. ಅದಕ್ಕೆ ಬಣ್ಣವಿಲ್ಲ. ವಾಸನೆಯಂತೂ ಇದ್ದೂ ಇಲ್ಲದ ಹಾಗೆ, ಮೂಗಿಟ್ಟು ಹುಡುಕಿದರೆ ತುಸು ಸಿಹಿ. ಡಬ್ಬಿಯೊಳಗೆ ತನ್ನದೇ ಒತ್ತಡಕ್ಕೆ ನೀರಾಗಿ ಕೂತಿರುತ್ತದೆ, ಹೊರಗೆ ಬಿಟ್ಟರೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೇ ಕುದಿದು ಗಾಳಿಯಾಗುತ್ತದೆ. ಆ ಕುದಿತಕ್ಕೆ ಬೇಕಾದ ಬಿಸಿಯನ್ನು ಸಿಕ್ಕಿದ್ದರಿಂದ ಕಿತ್ತುಕೊಳ್ಳುತ್ತದೆ. ಅಪ್ಪನ ಹೆಬ್ಬೆರಳಿನ ಬಿಳಿ ಕಲೆ ನೆನಪಿದೆಯಲ್ಲ? ಹೋಸ್ ಕಳಚಿಕೊಂಡು ಬೆರಳಿಗೆ ಸಿಡಿದದ್ದು. ಬೆಂಕಿ ತಾಕಿದವರ ಹಾಗೆ ಕೂಗಿದರು, ನಾನು ಓಡಿ ಬಂದು ಗಸಗಸ ಉಜ್ಜಿದೆ. ಉಜ್ಜಲೇಬಾರದಂತೆ, ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕಂತೆ. ಹೆಪ್ಪುಗಟ್ಟಿದ ಚರ್ಮವನ್ನು ಉಜ್ಜಿ ಉಜ್ಜಿ ಕಲೆ ಮಾಡಿದವಳು ನಾನೇ ಎಂದು ಮೂರನೇ ದಿನದ ಪಾಠದಲ್ಲಿ ತಿಳಿಯಿತು.

ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ ಎಂದು ಮೇಷ್ಟ್ರು ಹೇಳಿದಾಗ ಮಾತ್ರ ಸ್ವಲ್ಪ ಸಮಾಧಾನವಾಯಿತು. ಅಪ್ಪನ ರಕ್ಷಣೆಯ ಕನ್ನಡಕದ ಪಟ್ಟಿ ಹರಿದಾಗ ಕೆಂಪು ರೆಕ್ಸಿನ್ನಿನಿಂದ ಹೊಸ ಪಟ್ಟಿ ಹೊಲಿದುಕೊಟ್ಟವಳು ನಾನಲ್ಲವೇ? ಒಂದಾದರೂ ಸರಿಯಾದ ಕೆಲಸ ಮಾಡಿದ್ದೇನೆ. ಆ ಗ್ಯಾಸನ್ನು ಗಾಳಿಗೆ ಬಿಡುವ ಹಾಗಿಲ್ಲ, ಯಂತ್ರದಿಂದ ಎಳೆದು ಡಬ್ಬಿಗೆ ತುಂಬಿಸಬೇಕು, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಹೊಗೆಗಿಂತ ಸಾವಿರ ಪಟ್ಟು ಕೆಟ್ಟದ್ದು ಎಂದೆಲ್ಲ ಹೇಳಿದರು. ಇದೆಲ್ಲ ಅಪ್ಪ ನಿನಗೆ ಹೇಳಿಕೊಟ್ಟೇ ಇದ್ದರು. ಬೆಂಕಿಯ ಮಾತೂ ಬಂತು. ಹಳೆಯ ಗ್ಯಾಸಿನ ಕಾಲದಲ್ಲಿ ಅಪ್ಪ ಸೋರಿಕೆ ಹುಡುಕಲು ಒಂದು ಉರಿಯುವ ದೀಪ ಹಿಡಿಯುತ್ತಿದ್ದರು, ಗ್ಯಾಸ್ ತಾಕಿದರೆ ಜ್ವಾಲೆ ಹಸಿರಾಗುತ್ತಿತ್ತು. ನೋಡಲು ಎಷ್ಟು ಚಂದ ಎಂದು ನಾನು ಬಗ್ಗಿ ನೋಡಲು ಹೋದಾಗ "ಮೂಸಬೇಡ, ಆಚೆ ಹೋಗು" ಎಂದು ಗದರಿದ್ದರು. ಹಳೆಯದಿರಲಿ ಹೊಸದಿರಲಿ, ಬೆಂಕಿಗೆ ಸಿಕ್ಕಿದ ಗ್ಯಾಸ್ ಶ್ವಾಸಕೋಶ ಸುಡುವ ವಿಷವಾಗುತ್ತದಂತೆ.

ಏಳನೇ ದಿನ ಮೇಷ್ಟ್ರು ಒಂದು ಗಾಜಿನ ತೊಟ್ಟಿ ತಂದರು. ಅದರೊಳಗೆ ಮರದ ಪುಟ್ಟ ಮೆಟ್ಟಿಲು, ಮೆಟ್ಟಿಲಿಗೊಂದು ಮೋಂಬತ್ತಿ, ಒಟ್ಟು ಐದು. ಎಸಿ ಗ್ಯಾಸನ್ನು ಹೀಗೆ ಬಿಡಬಾರದು, ಉರಿಯ ಹತ್ತಿರ ತರಲೇಬಾರದು, ಆದ್ದರಿಂದ ಸೋಡಾಕ್ಕೆ ತುಂಬುವ ಗ್ಯಾಸಿನಲ್ಲಿ ತೋರಿಸುತ್ತೇನೆ, ಗುಣ ಇದೇ ಎಂದು ಒಂದು ಕೊಳವೆಯಿಂದ ತೊಟ್ಟಿಯ ಮೂಲೆಗೆ ಬಿಟ್ಟರು. ಕಣ್ಣಿಗೆ ಏನೂ ಕಾಣಲಿಲ್ಲ. ಎಲ್ಲಕ್ಕಿಂತ ಕೆಳಗಿನ ಬತ್ತಿ ಒಂದು ಸಲ ತಲೆ ಬಗ್ಗಿಸಿ ಆರಿತು. ಆಮೇಲೆ ಅದರ ಮೇಲಿನದು. ಬಕೆಟ್ಟಿಗೆ ನೀರು ತುಂಬಿದ ಹಾಗೆ ತಳದಿಂದ ಮೇಲಕ್ಕೆ ಬರುತ್ತಿತ್ತು. "ನಮ್ಮ ಗ್ಯಾಸ್ ಇದಕ್ಕಿಂತಲೂ ಭಾರ, ಗಾಳಿಯ ಮೂರೂವರೆ ಪಟ್ಟು. ಗುಂಡಿ ಸಿಕ್ಕಿದರೆ ಇಳಿದು ಕೂರುತ್ತೆ, ಉಸಿರಾಡೋ ಗಾಳಿನ ಮೇಲಕ್ಕೆ ತಳ್ಳುತ್ತೆ" ಅಂದರು. ಮೂರನೇ ಬತ್ತಿ ಆರುವಾಗ ನಾನು ಎದ್ದು ಹೊರಗೆ ಬಂದೆ. ಮೀಸೆಯವನು ನೀರು ತಂದುಕೊಟ್ಟ.

ಅವತ್ತು ಕೊಟ್ಟ ಪುಸ್ತಕದಲ್ಲಿ ಒಂದು ವಾಕ್ಯವಿದೆ. ನೂರು ಸಲ ಓದಿರಬೇಕು. "ಸಿಲಿಂಡರನ್ನು ಬಿಸಿಲು ತಾಗದ ತಂಪಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ; ನೆಲಮಟ್ಟಕ್ಕಿಂತ ಕೆಳಗೆ ಎಂದೂ ಇಡಬೇಡಿ." ಒಂದೇ ವಾಕ್ಯ ಮಗಳೇ. ಅದರ ಮೊದಲ ಅರ್ಧವನ್ನು ನಿನ್ನ ಅಪ್ಪ ನನಗೆ ದಿನಕ್ಕೆರಡು ಸಲ ಹೇಳುತ್ತಿದ್ದರು. ಎರಡನೇ ಅರ್ಧವನ್ನು ಒಂದು ಸಲವೂ ಹೇಳಲಿಲ್ಲ. ನಿನಗೆ ಎಲ್ಲ ಕಲಿಸಿದರು. ನಾನು ಹೊಲಿಗೆಯವಳು, ನನಗೆ ಅಷ್ಟು ಸಾಕು ಎಂದುಕೊಂಡರೇನೋ. ಅವರ ಮೇಲೆ ನನಗೆ ಇವತ್ತಿಗೂ ಇರುವ ಸಿಟ್ಟು ಇದೊಂದೇ.

ಈಗ ಹೇಳುತ್ತೇನೆ. ಸಿಲಿಂಡರನ್ನು ಗುಂಡಿಗೆ ಒಯ್ದದ್ದು ಅಪ್ಪ ಅಲ್ಲ. ನಾನು.

ಅವತ್ತಿನ ಸೆಕೆ ನಿನಗೆ ನೆನಪಿರಬಹುದು. ಅದಕ್ಕೆ ಹಿಂದಿನ ದಿನವಷ್ಟೇ ಹಿತ್ತಲಿನ ಆಚೆಯವರು ತಮ್ಮ ಮರ ಕಡಿಸಿದ್ದರು. ಸಿಲಿಂಡರ್ ಇಡುವ ನಮ್ಮ ಹಿಂದಿನ ಕಪಾಟಿನ ಮೇಲೆ ಮೂವತ್ತು ವರ್ಷದಿಂದ ಇದ್ದ ನೆರಳು ಒಂದೇ ದಿನದಲ್ಲಿ ಹೋಗಿತ್ತು. ಅಪ್ಪ ಪೈಪು ತರಲು ಹೋಗಿದ್ದರು, ನೀನು ಬ್ಯಾಂಕಿಗೆ ಹೋಗಿದ್ದೆ. ಹಿಂದೆ ಹೋಗಿ ನೋಡಿದರೆ ಎರಡು ಹೊಸ ಸಿಲಿಂಡರ್‌ಗಳು ಬಿಸಿಲಿನಲ್ಲಿ ಕೂತಿವೆ, ಮುಟ್ಟಿದರೆ ಚುರ್ ಎನ್ನುತ್ತವೆ. "ಬಿಸಿಲಿಗೆ ಮಾತ್ರ ಇಡಬೇಡ, ಸಿಡಿದರೆ ಮನೇನೇ ಹೋಗುತ್ತೆ" ಎಂದು ಅವರು ಹೇಳಿದ್ದು ಕಿವಿಯಲ್ಲಿ. ಈ ಕಟ್ಟಡದಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದು? ನಡು ಬೇಸಿಗೆಯಲ್ಲೂ ಕಾಲಿಟ್ಟರೆ ಹಿತವೆನಿಸುವುದು ಆ ಗುಂಡಿಯೊಂದೇ. ಒಂದನ್ನು ಹೊತ್ತು ಇಳಿಸಿದೆ, ಮೆಟ್ಟಿಲ ಕೆಳಗಿನ ಗೂಡಿನಲ್ಲಿಟ್ಟು, ಇನ್ನಷ್ಟು ತಂಪಿರಲಿ ಎಂದು ಒದ್ದೆ ಗೋಣಿ ಹೊದಿಸಿದೆ. ಎರಡನೆಯದನ್ನು ಇಳಿಸುವಾಗ ಕೈ ಬೆವರಿ ಕೊನೆಯ ಮೆಟ್ಟಿಲಲ್ಲಿ ಜಾರಿತು. ಸಿಲಿಂಡರಿನ ಕುತ್ತಿಗೆ ಕಲ್ಲಿಗೆ ತಾಗಿ ಟಣ್ ಎಂದಿತು. ಎತ್ತಿ ನೋಡಿದೆ, ಏನೂ ಆದಂತೆ ಕಾಣಲಿಲ್ಲ. ಮೂಲೆಗೆ ನಿಲ್ಲಿಸಿ ಮೇಲೆ ಬಂದೆ. ನನ್ನ ಮೇಲೆ ನನಗೇ ಎಷ್ಟು ಮೆಚ್ಚುಗೆಯಾಗಿತ್ತು ಗೊತ್ತೇ? ಸಂಜೆ ಹೇಳಿ ಶಹಭಾಸ್ ಅನ್ನಿಸಿಕೊಳ್ಳಬೇಕು, ಅಲ್ಲಿಯ ತನಕ ಬಾಯಿ ಬಿಡಬಾರದು ಎಂದುಕೊಂಡು ಹೊಲಿಗೆಗೆ ಕೂತೆ.

ಮಧ್ಯಾಹ್ನ ಆ ವ್ಯಾನು ಬಂತು, ಹಿಂದಿನ ಸೀಟಿಗೂ ಎಸಿ ಇರುವಂಥದ್ದು, ಅದರ ಪೈಪುಗಳು ತಳದಲ್ಲಿ. ನೀವಿಬ್ಬರೂ ಸೇರಿ ವ್ಯಾನಿನ ಗ್ಯಾಸನ್ನು ಪೂರ್ತಿ ಯಂತ್ರಕ್ಕೆ ಎಳೆದಿರಿ. ವ್ಯಾನಿನಲ್ಲಿ ಗ್ಯಾಸ್ ಇಲ್ಲವೆಂದ ಮೇಲೆ ಗುಂಡಿಯಲ್ಲಿ ಎಲ್ಲಿಂದ ಬರಬೇಕು? ಅಪ್ಪನ ಎಣಿಕೆ ಸರಿಯಾಗಿಯೇ ಇತ್ತು. ಇಳಿದರು, ಬಡಿದರು, ನೀನು ಕಾಲು ತಟ್ಟಿದೆ. ಅಷ್ಟರಲ್ಲಿ ಬೀದಿಯಲ್ಲಿ ಲಾರಿಯವನು ಹಾರ್ನ್ ಒತ್ತಿ ಹಿಡಿದ, ಅಡ್ಡ ನಿಂತ ಕಾರು ತೆಗೆಯಬೇಕಿತ್ತು. ನೀನು ಹಿಂದೆ ಮುಂದೆ ನೋಡಿದೆ. ನಾನು ಏನು ಹೇಳಿದೆ ಎಂದು ನಿನಗೆ ಚೆನ್ನಾಗಿ ನೆನಪಿದೆ. "ನೀ ಹೋಗು, ನಾ ಕೇಳಿಸ್ಕೋತೀನಿ."

ಇನ್ನೊಂದು ಸಲ ಬಡಿತ ಬಂತು. ಅದನ್ನು ನಾನು ಕೇಳಿದೆ. ಸೀಟಿನ ಅಂಚು ಹೊಲಿಯುತ್ತಿದ್ದೆ, ಇನ್ನೊಂದು ಗೇಣು ಉಳಿದಿತ್ತು, ಮುಗಿಸಿ ಏಳೋಣ ಎಂದುಕೊಂಡೆ. ಚೆನ್ನಾಗಿದ್ದೇನೆ ಎಂದೇ ತಾನೇ ಬಡಿದದ್ದು, ಅವಸರವೇನು? ಆಮೇಲೆ ಯಂತ್ರದ ಗಡಗಡ ಸದ್ದು. ಮೇಲೆ ನಿಂತವರು ಕಿವಿ ಕೊಡಬೇಕಾದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನೀನು ಕಾರು ನಿಲ್ಲಿಸಿ ಬಂದು "ಅಪ್ಪಾ" ಎಂದು ಕೂಗಿದಾಗ ನಾನಿನ್ನೂ ಹೊಲಿಯುತ್ತಿದ್ದೆ.

ಮೇಷ್ಟ್ರಿಗೆ ಎಲ್ಲ ಹೇಳಿದ ಮೇಲೆ ಅವರು ಒಂದು ಮಾತು ಅಂದರು. ಕಲ್ಲಿಗೆ ತಾಗಿದ ವಾಲ್ವಿನಿಂದ ಸೋರಿದ ಗ್ಯಾಸ್ ಆಗ ಸೊಂಟದ ಮಟ್ಟಕ್ಕೆ ಇದ್ದಿರಬೇಕು, ನಿಂತು ಕೆಲಸ ಮಾಡುವಷ್ಟು ಹೊತ್ತು ಅವರಿಗೆ ಏನೂ ಆಗಿರಲಾರದು, ಬಗ್ಗಿದಾಗ ತಲೆ ಅದರೊಳಗೆ ಹೋಯಿತು ಎಂದು. ಅಗ್ನಿಶಾಮಕದವರು ಎತ್ತುವಾಗ ಅವರ ಕೈ ಆ ಸಿಲಿಂಡರಿನ ವಾಲ್ವಿನ ಮೇಲಿತ್ತು. ಎಲ್ಲರೂ ಅದನ್ನು ನೋಡಿಯೇ, ತಾನೇ ಒಯ್ದು ತೆರೆದಿದ್ದಾನೆ ಎಂದದ್ದು. ಅವರು ಮೂಲೆಯಲ್ಲಿ ಅದನ್ನು ಕಂಡರು, ಮುಚ್ಚಲು ಬಗ್ಗಿದರು. ಅಲ್ಲಿ ಅದನ್ನು ಇಟ್ಟವರು ಯಾರು ಎಂದು ಆ ಕ್ಷಣದಲ್ಲಿ ಅವರಿಗೆ ಗೊತ್ತಾಗಿರುತ್ತದೆ. ಮನೆಯಲ್ಲಿ ಅಂಥ ಕೆಲಸ ಮಾಡುವವರು ಇನ್ಯಾರಿದ್ದರು? ನನಗೆ ದೆವ್ವದ ಭಯವಿಲ್ಲ. ಅವರಿಗೆ ಗೊತ್ತಾಯಿತಲ್ಲ ಎನ್ನುವುದು ನನ್ನನ್ನು ಕಾಡುತ್ತದೆ, ಊಟದ ತಟ್ಟೆಯ ಮುಂದೆ, ನಲ್ಲಿಯ ಕೆಳಗೆ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ.

ಅವತ್ತು ನೀನೂ ಗುಂಡಿಗೆ ಹಾರಲು ಹೋದೆ. ತಾತ ನಿನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು, ನೀನು ಅವರ ಕೈಯನ್ನು ಕಚ್ಚಿದೆ. ಒಬ್ಬರು ಬಿದ್ದ ಕಡೆ ಹಾಗೇ ಇಳಿದರೆ ಇನ್ನೊಬ್ಬರೂ ಬೀಳುತ್ತಾರೆ, ಎತ್ತಲು ಹೋದವರೇ ಹೆಚ್ಚು ಸಾಯುತ್ತಾರೆ ಎಂದು ಪುಸ್ತಕದಲ್ಲಿದೆ. ತಾತ ಯಾವ ಪುಸ್ತಕವನ್ನೂ ಓದಿರಲಿಲ್ಲ. ಅವರ ಕೈಯ ಮೇಲಿನ ಆ ಹಲ್ಲಿನ ಗುರುತು ಕಂಡಾಗಲೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ತನಿಖೆಯ ಅಧಿಕಾರಿ ಬಂದ ದಿನ ನಾನು ಅಡುಗೆಮನೆಯ ಬಾಗಿಲ ಹಿಂದೆ ಒದ್ದೆ ಕೈಯಲ್ಲಿ ನಿಂತಿದ್ದೆ. ನೀನು ಹೇಳಿದ್ದು ಒಂದೊಂದು ಮಾತೂ ಕೇಳಿಸಿತು. "ಮೇಲೆ ನಾನಿರಬೇಕಿತ್ತು. ನಾನಿರಲಿಲ್ಲ." ಅಷ್ಟೇ ಅಂದೆ. ಅಮ್ಮ ಹೋಗು ಎಂದಳು, ಅಮ್ಮ ನೋಡಿಕೊಳ್ಳುತ್ತೇನೆ ಎಂದಳು ಎಂದು ನಿನ್ನ ಬಾಯಿಂದ ಬರಲೇ ಇಲ್ಲ, ಅವತ್ತೂ ಬರಲಿಲ್ಲ, ಇವತ್ತಿನ ತನಕವೂ ಬರಲಿಲ್ಲ. ಅಧಿಕಾರಿ ಬರೆದುಕೊಂಡ: ಮೃತರ ಅಜಾಗರೂಕತೆ, ಮಗಳ ಗೈರುಹಾಜರಿ. ನನ್ನ ಹೆಸರು ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಬೀದಿಯವರೆಲ್ಲ "ಅಷ್ಟು ಅನುಭವ ಇದ್ದೋನು ಹೀಗೆ ಮಾಡ್ಕೊಂಡನಲ್ಲ" ಎಂದರು, ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ. ನೀನು ಹೊರಟುಹೋದದ್ದು ಕೆಲಸ ಸಿಕ್ಕಿತೆಂದಲ್ಲ. ಇಲ್ಲೇ ಇದ್ದರೆ ಒಂದಲ್ಲ ಒಂದು ದಿನ ಸಿಟ್ಟಿನಲ್ಲಿ ಆ ಮಾತು ಬಾಯಿಗೆ ಬಂದೀತು ಎಂದು ನನ್ನನ್ನು ಉಳಿಸಲು ಹೋದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಪೆಟ್ಟಿಗೆಗೆ ಬಟ್ಟೆ ಮಡಿಚಿಟ್ಟೆ. ಗಂಡನ ಹೆಸರು, ಮಗಳ ಬದುಕು, ಎರಡನ್ನೂ ನನ್ನ ಬಾಯಿ ಮುಚ್ಚಿಕೊಳ್ಳುವುದಕ್ಕೆ ಕೊಟ್ಟೆ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಆ ಮಾತು ತುಂಬ ಚಿಕ್ಕದಾಯಿತು.

ಇನ್ನು ಆ ಸದ್ದು. ನೀನು ಈಗಾಗಲೇ ಊಹಿಸಿರುತ್ತೀಯ. ಅಗ್ನಿಶಾಮಕದವರು ಒಯ್ದದ್ದು ಮೂಲೆಯ ಸಿಲಿಂಡರನ್ನು ಮಾತ್ರ. ಗೂಡಿನಲ್ಲಿ ಗೋಣಿ ಹೊದ್ದು ಕೂತ ಮೊದಲನೆಯದು ಅಲ್ಲೇ ಇದೆ. ಹೇಳಿದರೆ ಎರಡನ್ನೂ ಹೇಳಬೇಕಾಗುತ್ತದೆಂದು ಹಲಗೆ ಹೊಡೆಸಿಬಿಟ್ಟೆ. ಮೇಷ್ಟ್ರು ಹೇಳುವ ಪ್ರಕಾರ, ಹಲಗೆ ಕಾದಾಗ ಒಳಗಿನ ಒತ್ತಡ ಏರಿ ತೆಳು ತಗಡಿನ ತಳ ಉಬ್ಬಿ ಟಕ್ ಎನ್ನಬಹುದು. ತುಕ್ಕು ಹಿಡಿದಿದ್ದರೆ ಇನ್ನೆಷ್ಟು ದಿನ ತಡೆದೀತು ಎಂದು ಹೇಳಲಾಗದು. ಅದರ ಮೇಲೆ ಆ ಬಡಪಾಯಿ ಗಂಡ ಹೆಂಡತಿ ಬೆಂಕಿ ಹಿಡಿದು ಕೂರುತ್ತಾರೆ. ಇನ್ನೊಂದು ಮನೆಗೆ ನನ್ನಿಂದ ಹೀಗಾಗಬಾರದು. ಅದಕ್ಕೇ ಮೇಷ್ಟ್ರ ಮುಂದೆ ಬಾಯಿ ಬಿಟ್ಟೆ, ಆಮೇಲೆ ವೆಲ್ಡಿಂಗಿನವರ ಮುಂದೆ, ನಿನ್ನೆ ಅಂಗಡಿ ಬಾಗಿಲಲ್ಲಿ ತಾತನ ಕಿವಿಗೆ ಕೂಗಿ. ಅವರಿಗೆ ಕೇಳಿಸಬೇಕೆಂದು ಕೂಗಿದ್ದರಿಂದ ಇಡೀ ಬೀದಿಗೆ ಕೇಳಿಸಿತು, ಒಳ್ಳೆಯದೇ ಆಯಿತು. ಅಪ್ಪ ತಪ್ಪು ಮಾಡಿರಲಿಲ್ಲ ಎಂದು ಈಗ ಎಲ್ಲರಿಗೂ ಗೊತ್ತು. ತಾತ "ಮಗೂಗೆ ಹೇಳಿದ್ಯಾ?" ಎಂದು ಕೇಳಿದರು. ಬರೆಯುತ್ತೇನೆ ಎಂದೆ. ಅಧಿಕಾರಿಯ ಕಚೇರಿಗೂ ಬರೆದಿದ್ದೇನೆ, ಏನು ಮಾಡುತ್ತಾರೋ ಮಾಡಲಿ.

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ತಗಡು ಉಬ್ಬಿದರೆ ಒಂದು ಸಲ ಟಕ್ ಎಂದೀತು, ಎಣಿಸಿ ಎರಡು, ಆಮೇಲೆ ಒಂದು ಎನ್ನುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ನಿನ್ನ ಗಂಟಲು ಬೇಗ ವಾಸಿಯಾಗಲಿ. ನಿನ್ನ ಎದೆಯ ಮೇಲೆ ನಾನಿಟ್ಟ ಭಾರ ಇಳಿದು, ಉಳಿದ ಆಯುಷ್ಯವೆಲ್ಲ ಹಗುರಾಗಿ ಉಸಿರಾಡು. ಕೋಪ ಬಂದರೆ ತಡೆದುಕೊಳ್ಳಬೇಡ, ಪೂರ್ತಿ ಮಾಡು. ತಾತ ನಿನ್ನನ್ನು ವಿಚಾರಿಸಿದ್ದಾರೆ, ಬೆಕ್ಕು ವಿಚಾರಿಸುವುದಿಲ್ಲ, ಅದರ ಸ್ವಭಾವವೇ ಹಾಗೆ.

ನಿನ್ನ
ಅಮ್ಮ

ಮರೆತಿದ್ದೆ: ಹತ್ತನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರು ಗಾಳಿ ಊದುವ ಬ್ಲೋವರ್, ಗಾಳಿ ಅಳೆಯುವ ಮೀಟರು, ಇಬ್ಬರು ಆಳುಗಳ ಜೊತೆ ಬರುತ್ತಾರೆ. ಹಲಗೆ ತೆಗೆದು, ಗುಂಡಿಗೆ ಹೊಸ ಗಾಳಿ ತುಂಬಿಸಿ, ಸಿಲಿಂಡರ್ ಎತ್ತಿ ಒಯ್ಯುವುದು ಅವರ ಕೆಲಸ, ನಾನು ಹತ್ತಿರ ಬರಕೂಡದಂತೆ. ಅದೆಲ್ಲ ಮುಗಿದು ಮೀಟರು ಸರಿ ತೋರಿಸಿದ ಮೇಲೆ ನಾನು ಒಂದು ಸಲ ಇಳಿಯುತ್ತೇನೆ. ಅಪ್ಪನ ಸ್ಪ್ಯಾನರ್ ಕೆಳಗೇ ಉಳಿದಿದೆ, ತರಬೇಕು, ಆ ಪಟ್ಟಿಗೆ ಬಡಿಯಬೇಕು. ಮೇಷ್ಟ್ರು ಒಪ್ಪಿದ್ದಾರೆ. ಆದರೆ ಮೇಲೆ ಒಬ್ಬರು ನಿಂತಿರಬೇಕು, ಯಾರು ಕರೆದರೂ ಕದಲದವರು, ಅಂಥವರು ಯಾರಿದ್ದಾರೆ ಎಂದು ಕೇಳಿದರು. ನಿನ್ನನ್ನು ಕೇಳದೆಯೇ, ನನ್ನ ಮಗಳಿದ್ದಾಳೆ ಎಂದು ಹೇಳಿಬಿಟ್ಟೆ.